ನಾವು ನುಂಗಿಸಿಕೊಂಡ ಗದ್ದೆ

ಮುಂಬಯಿಯ ಕರಾವಳಿ ಕನ್ನಡಿಗರ ಮನೆ ಕಿರಿದಾದಷ್ಟೂ ಊರಿನ ಗದ್ದೆ ಹಿರಿದಾಗುತ್ತದೆ ಎಂಬುದು ನನ್ನ ಬಹುಕಾಲದ ಸಂಶೋಧನೆ. ಬೊರಿವಲಿಯ ಚಾಳಿನ ಒಂದೇ ಕೋಣೆಯಲ್ಲಿದ್ದಾಗ ನಮ್ಮ ಗದ್ದೆ ಐವತ್ತು ಮುಡಿ ಅಕ್ಕಿ ಬೆಳೆಯುವಷ್ಟು ದೊಡ್ಡದಾಗಿತ್ತು. ಫ್ಲ್ಯಾಟಿಗೆ ಬಂದ ಮೇಲೆ ಅಪ್ಪ ಉದಾರ ಮನಸ್ಸಿನಿಂದ ಅದನ್ನು ನಲವತ್ತಕ್ಕೆ ಇಳಿಸಿದರು. ಅದನ್ನು ನೀವು ಕಂಡಿಲ್ಲವೆಂದು ಕೊರಗಬೇಡಿ, ನಾವೂ ಕಂಡಿರಲಿಲ್ಲ.

ಊರಿನಲ್ಲಿ ಧಣಿಯಾಗಿದ್ದ ಅಜ್ಜ ಲೋಕಾನುಭವಕ್ಕೆಂದು ಬೊಂಬಾಯಿಗೆ ಬಂದು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಇಡ್ಲಿಹಿಟ್ಟು ರುಬ್ಬಿದರು. ಅದೇ ಸಮಯ ಸಾಧಿಸಿ ಅವರ ತಂಗಿ ಗುಲಾಬಿ ಗದ್ದೆಯನ್ನೆಲ್ಲ ನುಂಗಿ ನೀರು ಕುಡಿದಳು. ಇದು ನಮ್ಮ ಮನೆಯ ಅಧಿಕೃತ ಇತಿಹಾಸ. ಧಣಿಯಾದವನು ಹಿಟ್ಟು ರುಬ್ಬುವುದೇಕೆ ಎಂಬ ಪ್ರಶ್ನೆ ಪದವೀಧರನಾದ ನನಗೂ ಹೊಳೆಯಲಿಲ್ಲ. ತೊಂಬತ್ತು ದಾಟಿದ ಆ ಗುಲಾಬಿ ಅಜ್ಜಿ ಈಗ ಹತ್ತಾರು ವರ್ಷಗಳಿಂದ ಮಗಳ ಜೊತೆ ಕಾಂದಿವಲಿಯಲ್ಲಿದ್ದಾರೆ. ನಮ್ಮಿಂದ ಒಂದೇ ಸ್ಟೇಶನ್ ದೂರ. ಆದರೂ ಆ ಮನೆಯ ಮೆಟ್ಟಿಲನ್ನು ನಾವು ಯಾರೂ ತುಳಿದವರಲ್ಲ.

ಎಂಬತ್ತು ದಾಟಿದ ಅಪ್ಪ ಈಚೆಗೆ ಒಂದೇ ಹಟ ಹಿಡಿದಿದ್ದರು: "ಕಣ್ಣು ಮುಚ್ಚುವ ಮೊದಲು ಅವಳು ನುಂಗಿದ್ದನ್ನು ಕಾಗದದಲ್ಲಿ ತೋರಿಸು ಮಗಾ."

ಸರ್ವೆ ನಂಬರೂ ಗೊತ್ತಿಲ್ಲದ ಭೂಮಾಲೀಕನಾದ ನಾನು ಅಜ್ಜನ ಹೆಸರು ಹಿಡಿದು ತಾಲೂಕು ಕಚೇರಿಗೆ ಮೂರು ಅರ್ಜಿ ಕಳಿಸಿದೆ. ಮೂರಕ್ಕೂ ಇಲ್ಲವೆಂಬ ಉತ್ತರ ಬಂತು. ಕೊನೆಗೆ ಅಲ್ಲಿನ ಗುಮಾಸ್ತರು ಫೋನಿನಲ್ಲಿ ನಕ್ಕರು: "ಎಂತ ಮಾರಾಯ್ರೇ, ನೀವು ಅಳಿಯಸಂತಾನದವರಲ್ವಾ? ನಮ್ಮಲ್ಲಿ ಗಂಡಸರ ಹೆಸರಲ್ಲಿ ಜಾಗ ಹುಡುಕುವುದುಂಟಾ? ಅಜ್ಜನಿಗೆ ಅಕ್ಕನೋ ತಂಗಿಯೋ ಇದ್ದರೆ ಆ ಹೆಸರು ಹೇಳಿ."

ಅಯ್ಯೋ ಕರ್ಮವೇ! ರೇಷನ್ ಕಾರ್ಡಿನಿಂದ ರೈಲು ಪಾಸಿನವರೆಗೆ ತನ್ನ ಹೆಸರಿನ ನಡುವೆ ಅಪ್ಪನ ಹೆಸರು ಸಿಕ್ಕಿಸಿಕೊಂಡು ಬೆಳೆದವನಿಗೆ, ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಆಸ್ತಿ ಇಳಿಯುವ ತನ್ನದೇ ಕಟ್ಟುಕಟ್ಟಳೆ ಮರೆತುಹೋಗಿತ್ತು. ಇನ್ನೊಬ್ಬರನ್ನು ಕಳ್ಳರೆನ್ನುವ ಕೆಲಸಕ್ಕೆ ಮಾತ್ರ ನೆನಪು ಚುರುಕಾಗಿತ್ತು.

ಗುಲಾಬಿ ಅಜ್ಜಿಯ ಹೆಸರು ಹೇಳಿದ್ದೇ ತಡ, ಉಳುವವನಿಗೆ ಭೂಮಿ ಸಿಕ್ಕಿದ ಕಾಲದ ಕಾಗದದ ನಕಲು ಅಂಚೆಯಲ್ಲಿ ಬಂತು. ಗದ್ದೆ ನಲವತ್ತು ಮುಡಿಯದ್ದಲ್ಲ, ಮೂರು ಮುಡಿಯದ್ದು. ನಾವು ಧಣಿಗಳೂ ಅಲ್ಲ, ಗೇಣಿ ಕೊಟ್ಟು ಉಳುತ್ತಿದ್ದ ಒಕ್ಕಲು. ಕೆಳಗೆ ಅಜ್ಜನ ಹೇಳಿಕೆ: "ನಾನು ಬೊಂಬಾಯಿಯಲ್ಲಿರುವವ. ಉಳುವವಳು ತಂಗಿ ಗುಲಾಬಿ. ಜಾಗ ಅವಳ ಹೆಸರಿಗೇ ಆಗಲಿ." ಅದರಡಿ ಅಜ್ಜನ ಸಹಿ.

ಅಂದೇ ಕಾಂದಿವಲಿಗೆ ಹೋದೆ. ಗುಲಾಬಿ ಅಜ್ಜಿ ಕಾಗದವನ್ನು ಮುಟ್ಟಲೂ ಇಲ್ಲ.

"ನನಗೆ ಗೊತ್ತುಂಟು. ಅಣ್ಣನೇ ಹೇಳ್ಬೇಡ ಅಂದಿದ್ದ. ಬೊಂಬಾಯಲ್ಲಿ ಹಿಟ್ಟು ರುಬ್ಬುವವನಿಗೆ ಊರಲ್ಲಿ ಧಣಿ ಅಂತ ಮಕ್ಕಳೆದುರಾದರೂ ಒಂದು ಮರ್ಯಾದೆ ಬೇಡ್ವಾ?"

"ನಿಮ್ಮನ್ನು ಕಳ್ಳಿ ಅಂದರಲ್ಲ ಅಜ್ಜೀ!"

"ಅನ್ನಲಿ. ಜಾಗ ಕೊಟ್ಟವನಿಗೆ ನಾನು ಇಷ್ಟೂ ಕೊಡ್ಬಾರ್ದಾ? ನೀನೂ ಹೇಳ್ಬೇಡ ಮಗಾ, ನಿನ್ನಪ್ಪನಿಗೆ ಬೇಜಾರಾಗ್ತದೆ."

ಎರಡು ತಲೆಮಾರು ನಾವು ಆಡಿದ ಮಾತುಗಳನ್ನೆಲ್ಲ ಆಕೆ ಹೀಗೆ ಬೇಕೆಂದೇ ಹೊತ್ತುಕೊಂಡಿದ್ದರು. ಹಿಂದಿರುಗುವಾಗ ಲೋಕಲ್‌ನಲ್ಲಿ ನನಗೆ ಅಜ್ಜನ ಮೇಲೆ ಕೋಪ ಬಂತು, ಅಳುವೂ ಬಂತು. ಅಜ್ಜಿಯ ಮಾತನ್ನು ಮೀರಲೇಬೇಕೆಂದು ಬೊರಿವಲಿ ಬರುವಷ್ಟರಲ್ಲಿ ತೀರ್ಮಾನಿಸಿದ್ದೆ.

ಅಪ್ಪ ಬಾಗಿಲಲ್ಲೇ ಕೇಳಿದರು: "ಸಿಕ್ಕಿತಾ?"

ಕಾಗದ ಕೈಗಿತ್ತೆ. ಕನ್ನಡಕವೇರಿಸಿ ಒಮ್ಮೆ ಓದಿದರು. ಮತ್ತೊಮ್ಮೆ, ಸಹಿಯ ಮೇಲೆ ಬೆರಳಿಟ್ಟು ಓದಿದರು. ಬೈಯುತ್ತಾರೆಂದು ಕಾದೆ, ಸುಳ್ಳು ಕಾಗದವೆನ್ನುತ್ತಾರೆಂದು ಕಾದೆ. ಅವರು ಎದ್ದು ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟರು. ಅರುವತ್ತು ವರ್ಷ ಈ ಊರಿನ ಲೋಕಲ್‌ನಲ್ಲಿ ಓಡಾಡಿದ ಮನುಷ್ಯ, ಗುಂಡಿ ಹಾಕಲು ತಡಕಾಡುತ್ತ ನನ್ನನ್ನೇ ಕೇಳಿದರು:

"ಕಾಂದಿವಲಿಗೆ ಗಾಡಿ ಎಷ್ಟು ಹೊತ್ತಿಗೆ ಉಂಟು ಮಗಾ?"