ಬೀಗತಿಯ ಫೋನಿಗೆ ಸುನಾಮಿ ಆ್ಯಪ್

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಗಾದಿ ಹೊಲಿಯುವ ಕಾಕಾ ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ಹತ್ತಿ ಅಂಟಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಅವರು ಫೋನ್ ನೋಡುವ ರೀತಿ ಕಣ್ಣ ಮುಂದೆಯೇ ಇದೆ. ಅದರಲ್ಲಿ ಸುನಾಮಿಯ ಎಚ್ಚರಿಕೆ ಕೊಡುವ ಆ್ಯಪ್ ಇತ್ತು. ಮಗಳನ್ನು ಕಾರವಾರದ ಕಡಲಂಚಿನ ಮನೆಗೆ ಕೊಟ್ಟಿದ್ದರು.

“ಬೈಲಹೊಂಗಲಕ್ಕ ಸಮುದ್ರ ಬರತೈತೇನ್ರಿ ಕಾಕಾ?” ಎಂದು ನಾನು ಚಾಷ್ಟಿ ಮಾಡಿದರೆ, “ತಿಳಕೊಂಡ್ರ ತಪ್ಪೇನವಾ?” ಎನ್ನುತ್ತಿದ್ದರು. ಯಾವ ಮಾತಿಗೂ ಅವರದು ಅದೇ ಉತ್ತರ.

ಮಗಳ ಫೋನಿಗೂ ಆ ಆ್ಯಪ್ ಹಾಕಿಸಿದ ದಿನ, ನನ್ನೆದುರಿಗೇ ಸ್ಪೀಕರ್ ಹಚ್ಚಿ ಕೇಳಿದರು: “ಇದು ಒದರಿದ ಕೂಡ್ಲೇ ಏನ್ ಮಾಡತಿ?”

“ಗುಡ್ಡದ ಕಡೆ ಓಡತೇನಿ. ಆದ್ರ ಅತ್ತಿನ್ನ ಬಿಟ್ಟು ಹೆಂಗ ಮುಂದ ಹೋಗ್ಲಿ ಅಪ್ಪಾ? ಅವರು ಇದನ್ನೆಲ್ಲಾ ನಂಬೂದಿಲ್ಲ.”

ಕಾಕಾ ಸೂಜಿ ಕೆಳಗಿಟ್ಟರು. ಬೀಗತಿಯೊಡನೆ ನೇರವಾಗಿ ಮಾತಾಡುವ ಸಲಿಗೆ ಅವರಿಗಿರಲಿಲ್ಲ. ಆದರೂ ಫೋನನ್ನು ಅತ್ತೆಯ ಕೈಗೆ ಕೊಡುವಂತೆ ಮಗಳಿಗೆ ಹೇಳಿದರು.

“ಅಕ್ಕಾರ, ನಿಮ್ಮ ಫೋನ್‌ನ್ಯಾಗೂ ಹಾಕಿಸ್ಕೊಳ್ರಿ. ಮನಿಗೆ ಹಿರ್ಯಾರು ನೀವು. ನೀವು ಎದ್ರ ಎಲ್ಲಾರೂ ಏಳತಾರ.”

“ನೋಡೂನ್ರಿ” ಎಂದಷ್ಟೇ ಹೇಳಿ ಆಕೆ ಫೋನನ್ನು ಸೊಸೆಗೆ ಮರಳಿಸಿದರು.

ಕಾಕಾ ತೀರಿದ ದಿನ ಆ ಬೀಗತಿ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದರು. ಆ್ಯಪ್ ಹಾಕಿಸಿಕೊಂಡಿರೋ ಇಲ್ಲವೋ ಎಂದು ಮೆಲ್ಲಗೆ ಕೇಳಿದೆ.

“ಹಾಕಿಸ್ಕೊಂಡೇನಿ. ಒಮ್ಮೆ ಪರೀಕ್ಷೆಗಂತ ಒದರಿತ್ತವಾ. ನಾ ಬರಿಗಾಲಲೇ ಗುಡ್ಡ ಹತ್ತಿದ್ನಿ. ನನ್ನ ಸೊಸಿ ನನ್ನ ಚಪ್ಪಲಿ ಹಿಡಕೊಂಡು ಹಿಂದ ಓಡಿ ಬಂದ್ಲು.”