ಕಾಕಾನ ರುಮಾಲು ಹತ್ತಿದ ಬಸ್ಸು

ರೇಡಿಯೋ ಕೇಳಿ ಕೇಳಿ ಬೆಂಗಳೂರಿನವರ ಮಾತನ್ನು ಅಣಕಿಸುತ್ತಿದ್ದೆ ಎಂಬ ಒಂದೇ ಅರ್ಹತೆಯ ಮೇಲೆ ಕಾಕಾ ನನ್ನನ್ನು ಬೆಂಗಳೂರಿಗೆ ದಾರಿ ತೋರಿಸಲು ಕರೆದೊಯ್ದ. ಕುಂದಗೋಳದ ಕಟ್ಟೆಯ ಮೇಲೆ ಕುಳಿತು ‘ಏನ್ ಸ್ವಾಮಿ, ಚೆನ್ನಾಗಿದ್ದೀರಾ?’ ಎಂದು ಮೂಗಿನಲ್ಲಿ ಎಳೆಯುವವನಿಗೆ ಆ ಊರಿನ ಓಣಿಗಳೂ ಗೊತ್ತಿರಬೇಕೆಂದು ಅವನ ಲೆಕ್ಕ.

ಕಾಕಾನ ಮಗಳಿಗೆ ಅಲ್ಲಿಯ ಸಂಬಂಧ ಬಂದಿತ್ತು. ಹುಡುಗನಿಗೆ ಕಚೇರಿಯಲ್ಲಿ ನೌಕರಿ. ಅವನ ತಂದೆ ಮೂಲತಃ ನಮ್ಮ ಕಡೆಯವರೇ. ಮನೆ ನೋಡಿ ಹೂಂ ಅಥವಾ ಊಹೂಂ ಅನ್ನುವುದು ಕಾಕಾನ ಕೆಲಸ.

ಬೆಂಗಳೂರಿನಲ್ಲಿ ಇಳಿದು ಕಾಯುತ್ತಿದ್ದಾಗ ಸಿಟಿ ಬಸ್ಸು ಬಂದು ನಿಂತಿತು. ನಮ್ಮೂರಿನಲ್ಲಿ ಎಲ್ಲರೂ ಮಾಡುವುದನ್ನೇ ಕಾಕಾ ಮಾಡಿದ. ತಲೆಯ ರುಮಾಲು ತೆಗೆದು ಕಿಟಕಿಯಿಂದ ಸೀಟಿನ ಮೇಲೆ ಹಾಕಿದ. ಬಟ್ಟೆ ಬಿತ್ತೆಂದರೆ ಸೀಟು ನಮ್ಮದು, ಇನ್ನು ಅವಸರವೇಕೆ? ಕೈಬೀಸುತ್ತ ಬಾಗಿಲಿಗೆ ಬಂದರೆ ಬಿಳಿ ಶರ್ಟಿನವನೊಬ್ಬ ಕೈ ಅಡ್ಡ ಹಿಡಿದ.

“ಕ್ಯೂನಲ್ಲಿ ಬನ್ರೀ.”

“ನಮ್ಮ ಸೀಟು ಒಳಗೈತ್ರಿ.”

“ಸೀಟು ಒಳಗಿದ್ರೆ ನೀವ್ಯಾಕ್ರೀ ಹೊರಗಿದ್ದೀರಾ?”

ಸಾಲಿಗೆ ಸಾಲೇ ನಕ್ಕಿತು. ನಾವು ಬಾಲಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಬಸ್ಸು ತುಂಬಿ, ಕಾಕಾನ ರುಮಾಲನ್ನೂ ಹೊತ್ತು ಹೊರಟೇಬಿಟ್ಟಿತು. ನಾನು ಬೆಲ್‌ಬಾಟಂ ಪಟಪಟಿಸುತ್ತ, ನನ್ನ ಅತ್ಯುತ್ತಮ ಬೆಂಗಳೂರು ಧ್ವನಿಯಲ್ಲಿ “ಸ್ವಾಮಿ, ಸ್ವಲ್ಪ ನಿಲ್ಸಿ!” ಎಂದು ಕೂಗುತ್ತ ಓಡಿದೆ. ಕಂಡಕ್ಟರ್ ನನ್ನನ್ನು ನೋಡಿದ, ಮತ್ತೊಮ್ಮೆ ವಿಸಲ್ ಊದಿದ.

ಆ ಸಿಟ್ಟು ಈಗಲೂ ಇಳಿದಿಲ್ಲ. ನಮ್ಮ ಕಡೆಯ ಮಿಶ್ರಿಕೋಟಿ ಬಸ್ಸಿನಲ್ಲಿ ಸೀಟಿನ ಮೇಲೆ ಬರೀ ಬೀಡಿಕಟ್ಟು ಇಟ್ಟುಹೋದರೂ ಗೌಡನಿಂದ ಕುರಿಯವನವರೆಗೆ ಯಾರೂ ಮುಟ್ಟುವುದಿಲ್ಲ. ಇಲ್ಲಿ ಹಿರಿಯನೊಬ್ಬನ ಮಾನವೇ ಸೀಟಿನ ಮೇಲಿದ್ದರೂ ಅದನ್ನು ಬಾಜುಕ್ಕೆ ಸರಿಸಿ ಕುಳಿತರಲ್ಲ! ಎರಡು ಬಟ್ಟೆ ಅಂಗಡಿ ಹೊಕ್ಕೆವು. ಟೋಪಿ ಇತ್ತು, ಟೈ ಇತ್ತು, ರುಮಾಲು ಮಾತ್ರ ಇರಲಿಲ್ಲ. ಇದೂ ಒಂದು ರಾಜಧಾನಿ!

“ನಿನ್ನ ಪ್ಯಾಂಟಿನ ತುದಿ ಕತ್ತರಿಸಿದ್ರ ನನಗೊಂದು ರುಮಾಲು ಆಗತೈತಿ. ಕೊಡತೀಯೇನಲೇ?” ಎಂದ ಕಾಕಾ.

“ಕೊಡತೇನಿ ಕಾಕಾ. ಹುಡುಗನ್ನ ಬಿಟ್ಟು ನಿನ್ನನ್ನ ನೋಡಾಕ ಮಂದಿ ಕೂಡತೈತಿ.”

ಅವನು ನಗಲಿಲ್ಲ. ದಾರಿ ಕೇಳುತ್ತ ಕೇಳುತ್ತ ನಡೆದೇ ಹುಡುಗನ ಮನೆ ಮುಟ್ಟಿದೆವು. ಮೆಟ್ಟಿಲ ಬಳಿ ಕಾಕಾ ನಿಂತುಬಿಟ್ಟ. ಹುಡುಗನ ತಂದೆ ಹೊರಗೆ ಬಂದು “ಬರ್ರಿ, ಒಳಗ ಬರ್ರಿ” ಎಂದರು.

“ಬರಂಗಿಲ್ರಿ. ಬರಿ ತಲೀಲೆ ಹೋಗೂದು ಸತ್ತವರ ಮಣ್ಣಿಗೆ, ಮದುವಿ ಮಾತಿಗಲ್ಲ.” ರುಮಾಲು ಹೋದ ಕತೆಯನ್ನೂ ಹೇಳಿದ.

“ಇಲ್ಲಿ ಯಾರು ನೋಡತಾರ್ರಿ?”

“ನಾ ನೋಡತೇನಲ್ರಿ.”

ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಒಬ್ಬ ಕಂಡಕ್ಟರನ ದೆಸೆಯಿಂದ ತಂಗಿಯ ಮದುವೆ ರಸ್ತೆಪಾಲಾಯಿತೆಂದು ಮೈ ಉರಿಯಿತು. ಆದರೆ ಆ ಮನುಷ್ಯ ಮತ್ತೆ ಒತ್ತಾಯಿಸಲಿಲ್ಲ. ಕಾಕಾನನ್ನು ಮೆಟ್ಟಿಲ ಮೇಲೆ ಕೂಡಿಸಿ ತಾವೂ ಬಾಜುಕ್ಕೆ ಕುಳಿತು ನೀರು ತರಿಸಿದರು. ಹೊಲ, ಮಳೆ, ಜೋಳದ ಮಾತು ನಡೆಯಿತು. ಮದುವೆಯ ಸುದ್ದಿ ಮಾತ್ರ ಇಲ್ಲ.

ಆಗ ಹಾದುಹೋಗುವವನೊಬ್ಬ ನಿಂತು ನಮ್ಮಿಬ್ಬರನ್ನು ಮೇಲಿನಿಂದ ಕೆಳಗೆ ಅಳೆದ. “ಏನ್ರೀ, ಮನೆ ಬಾಡಿಗೆಗೆ ಕೇಳೋಕೆ ಬಂದಿದ್ದೀರಾ?”

ಅವನದೇ ಧ್ವನಿಯಲ್ಲಿ ಅವನಿಗೆ ತಿರುಗಿಸಿ ಕೊಡಬೇಕೆಂದು ಬಾಯಿ ತೆರೆದೆ. ಕಾಕಾ ನನಗಿಂತ ಮೊದಲೇ ಗುಡುಗಿದ. “ಅಲ್ರೀ! ಈ ಮನಿಗೆ ಮಗಳನ್ನ ಕೊಡಾಕ ಬಂದೇನಿ!”

ಬೀಗರು ಒಳಗೆ ತಿರುಗಿ ಕೂಗಿದರು. “ಏ, ಸಕ್ಕರಿ ತಾ! ಇಲ್ಲೇ ಮೆಟ್ಟಿಲಿಗೇ ತಾ!”