ಒಂದು ಟಕ್… ಎರಡನೆಯದು ಬರಲಿಲ್ಲ

ನಂಬೋಕೆ ಆಗುತ್ತಿಲ್ಲ ಸ್ನೇಹಿತರೇ…
ಮಧ್ಯಾಹ್ನ ಊಟ ಮುಗಿಸಿ ನನ್ನ ಜೊತೆ ಸಮುದ್ರಕ್ಕೆ ಇಳಿದ ಮನುಷ್ಯ…
ದೀಪ ಹಚ್ಚುವ ಹೊತ್ತಿಗೆ ಹೊಳವನಹಳ್ಳಿಯ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಾರೆ.
ನಮ್ಮ ತಿಮ್ಮರಾಜಣ್ಣ ಇನ್ನಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ…
ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ನಾನು ಶಿರಾದವನು, ಪಾವಗಡ ರೂಟಿನ ಡ್ರೈವರ್.
ಲೇಟಾಗಿ ಬಂದರೆ ಸಾಕು, ಹತ್ತು ಜನರ ಮುಂದೆ ನನ್ನ ಮಾನ ಕಳೆಯುತ್ತಿದ್ದರು.
ಆಮೇಲೆ ಅವರೇ ಟೀ ಕುಡಿಸುತ್ತಿದ್ದರು.

ಭಾನುವಾರ ರಜೆ ಸಿಕ್ಕರೆ ಅವರು ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ… ಕಿವಿಗೆ ಹೆಡ್‌ಫೋನ್.
ಕಂಪ್ಯೂಟರಿನಲ್ಲಿ ಸಬ್‌ಮರೀನ್ ಗೇಮ್. ಇಬ್ಬರಿಗೂ ಸೇರಿ ಒಂದೇ ಸಬ್‌ಮರೀನ್.
ಅವರು ಕ್ಯಾಪ್ಟನ್. ನಾನು ಕಿವಿ… ನೀರೊಳಗೆ ಕೂತು ಹಡಗುಗಳ ಸದ್ದು ಕೇಳಿ ಹೇಳುವವನು.
'ಇಂಜಿನ್ ಸದ್ದಲ್ಲೇ ಗಾಡಿ ಕಾಯಿಲೆ ಹೇಳ್ತೀಯ, ನಿಂಗಿಂತ ಒಳ್ಳೇ ಕಿವಿ ಯಾವನಿಗೈತೆ' ಅಂದಿದ್ದರು.
ಆ ಮಾತು ಇವತ್ತು ಚುಚ್ಚುತ್ತಿದೆ…

ಕಾನ್ವಾಯ್ ಅಂದರೆ ಸರಕಿನ ಹಡಗುಗಳ ಸಾಲು. ಸುತ್ತ ಕಾವಲು ಹಡಗು.
ಶುರುವಿನಲ್ಲಿ ಒಬ್ಬನೇ ಆಡುವಾಗ ನಾನು ಕಂಡ ತಕ್ಷಣ ಬೆನ್ನಟ್ಟುತ್ತಿದ್ದೆ. ಕಾವಲು ಹಡಗಿನ ಏಟು ತಿಂದು ಮುಳುಗುತ್ತಿದ್ದೆ.
ಒಂದು ದಿನ ಬೈದರು…
"ಓಡೋ ಬಸ್ಸಿನ ಹಿಂದೆ ಓಡೋನು ಪೆದ್ದ ಕಣ್ಲಾ. ಅದು ಎಲ್ಲಿಗೆ ಬತ್ತದೆ ನೋಡು. ಮುಂಚೇನೇ ಅಲ್ಲೋಗಿ ಕೂತ್ಕೊ."

ಹಳೇ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಎಳೆದು, ಸಾಲು ಯಾವಾಗ ಎಡಕ್ಕೆ ಹೊರಳುತ್ತೆ, ಯಾವಾಗ ಬಲಕ್ಕೆ… ಬರೆದಿಡುತ್ತಿದ್ದರು.
ದಪ್ಪನೆಯ ಟ್ಯಾಂಕರ್ ಹಡಗಿಗೆ ಹಿಂದೂಪುರ ಬಸ್ಸು ಅಂತ ಹೆಸರು. ಕಾವಲು ಹಡಗಿಗೆ ಚೆಕಿಂಗ್ ಇನ್ಸ್‌ಪೆಕ್ಟರು.
ಮುಂದೆ ಹೋಗಿ, ಆಳಕ್ಕಿಳಿದು, ಇಂಜಿನ್ ನಿಲ್ಲಿಸಿ, ಇನ್ಸ್‌ಪೆಕ್ಟರು ತಲೆಯ ಮೇಲೆ ಹಾದುಹೋಗುವ ತನಕ ಉಸಿರು ಬಿಗಿಹಿಡಿದು ಕಾಯಬೇಕು.
ಮೊದಲ ಹಡಗುಗಳನ್ನು ಬಿಟ್ಟುಬಿಡಬೇಕು. ಹಿಂದೆ ಉಳಿದು ಏದುಸಿರು ಬಿಡುತ್ತಾ ಬರುತ್ತಲ್ಲ… ಅದನ್ನು ಹೊಡೆಯಬೇಕು.

ಕೆಳಗೆ ಕಾಯುವಾಗ ಮಾತು ನಿಷೇಧ. ನಮ್ಮ ಮಾತು ಆ ಹಡಗಿಗೆ ಕೇಳುತ್ತಾ ಅಂತ ನಾನು ನಕ್ಕಿದ್ದೆ.
'ಕೇಳಲ್ಲ. ಆದ್ರೂ ಬಾಯ್ ಮುಚ್ಚು. ಮಾತಾಡೋನಿಗೆ ಕಾಯಕ್ಕಾಗಲ್ಲ.'
ಮೈಕಿನ ಮೇಲೆ ಬೆರಳಲ್ಲಿ ಒಂದು ಟಕ್ ಅಂದರೆ… ಇದ್ದೀನಿ, ಸುಮ್ನಿರು.
ಎರಡು ಟಕ್ ಅಂದರೆ… ಮೇಲಕ್ಕೆ.
ಅಷ್ಟೇ ನಮ್ಮ ಭಾಷೆ.
ಅವರ ಮನೆಯವರು ಗಿರಿಜಮ್ಮನೂ ಈ ನಿಯಮ ಕಲಿತಿದ್ದರು. ಅಣ್ಣ ಕಣ್ಣು ಮುಚ್ಚಿ ಕೂತಿದ್ದರೆ ಕರೆಯುತ್ತಿರಲಿಲ್ಲ.

ಅಣ್ಣಾ…
ಇವತ್ತು ಇನ್ಸ್‌ಪೆಕ್ಟರು ತಲೆಯ ಮೇಲೆ ಇದ್ದಾಗ ನಿಮ್ಮ ಕಡೆಯಿಂದ ಒಂದು ಟಕ್ ಕೇಳಿಸಿತು.
ಒಂದೇ ಒಂದು.
ಸುಮ್ನಿರು ಅಂದಿರಿ ಅಂದುಕೊಂಡೆ. ಸುಮ್ಮನಾದೆ.
ಕಾವಲು ಹಡಗು ದೂರ ಹೋಯಿತು. ನೀವು ಮಾತಾಡಲಿಲ್ಲ.
ಟ್ಯಾಂಕರ್ ಬಂತು. ನೀವು ಹೊಡೆಯಲಿಲ್ಲ. ಹಿಂದಿನದಕ್ಕೆ ಕಾಯುತ್ತಿದ್ದೀರಿ ಅಂದುಕೊಂಡೆ.
ಹಿಂದಿನದೂ ಬಂತು… ಹೋಯಿತು.
ಇದೇನೋ ಹೊಸ ಟ್ಯಾಕ್ಟಿಕ್ಸ್ ಇರಬೇಕು, ಆಮೇಲೆ ಹೇಳಿಕೊಡುತ್ತೀರಿ ಅಂದುಕೊಂಡೆ.
ನೀವು ಕಲಿಸಿದ್ದನ್ನೆಲ್ಲ ನೆನೆದು ನೆನೆದು ಬಾಯಿ ಮುಚ್ಚಿಕೊಂಡು ಕೂತೆ ಅಣ್ಣ…

ನಿಮ್ಮ ರೂಮಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಸ್ಟೀಲ್ ಲೋಟ ಮೇಜಿನ ಮೇಲಿಟ್ಟ ಸದ್ದು. ಬಾಗಿಲು ಮೆಲ್ಲಗೆ ಮುಚ್ಚಿತು.
ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತು ಎಲ್ಲ…
ನಿಮ್ಮ ಉಸಿರು ಕೇಳಿಸುತ್ತಿಲ್ಲ ಅನ್ನೋದೊಂದು ನನಗೆ ತಿಳಿಯಲಿಲ್ಲ.
ಎಂಥ ಕಿವಿ ನನ್ನದು.

ಎರಡನೇ ಸಲ ಬಾಗಿಲು ತೆರೆದಾಗ ಗಿರಿಜಮ್ಮ ಕರೆದರು. ಆಮೇಲೆ ಕಿರುಚಿದರು.
ನಾನು ಹೆಡ್‌ಫೋನ್ ಕಿತ್ತೆಸೆದು ಬೈಕ್ ಹತ್ತಿದೆ.
ಮಧುಗಿರಿ ದಾಟುವಷ್ಟರಲ್ಲಿ ಫೋನ್ ಬಂತು… ಹೋಗಿಬಿಟ್ಟರು, ಕೊರಟಗೆರೆ ಆಸ್ಪತ್ರೆಯಿಂದ ವಾಪಸ್ ತರುತ್ತಿದ್ದಾರೆ ಅಂತ.
ಹಾರ್ಟ್ ಅಟ್ಯಾಕ್.
ಇನ್ನೂ ಬೇಗ ತಂದಿದ್ದರೆ ಉಳಿಯುತ್ತಿದ್ದರಾ ಅಂತ ಡಾಕ್ಟರನ್ನು ಯಾರೋ ಕೇಳಿದರಂತೆ. ಹೇಳೋಕಾಗಲ್ಲ ಅಂದರಂತೆ.
ಹೇಳೋಕಾಗಲ್ಲ… ಈ ಮಾತಿನ ಜೊತೆ ನಾನು ಇನ್ನೆಷ್ಟು ವರ್ಷ ಬದುಕಬೇಕೋ.

ಆ ಟಕ್ ನೀವು ಹೊಡೆದದ್ದಾ? ಕೈ ಜಾರಿ ಬಿದ್ದದ್ದಾ?
ಎರಡು ಹೊಡೆಯಲು ಹೋಗಿ… ಒಂದಕ್ಕೇ ಶಕ್ತಿ ಮುಗಿಯಿತಾ?

ಈಗ ಅವರ ಮನೆಯಲ್ಲೇ ಇದ್ದೇನೆ. ಜನ ಬರುತ್ತಿದ್ದಾರೆ.
ಆ ಕಂಪ್ಯೂಟರ್ ಇನ್ನೂ ಉರೀತಾ ಐತೆ, ಆರಿಸಪ್ಪ ಅಂದರು ಗಿರಿಜಮ್ಮ.
ಒಳಗೆ ಹೋದೆ. ಸಬ್‌ಮರೀನ್ ಇನ್ನೂ ಕೆಳಗೇ ನಿಂತಿತ್ತು… ಬ್ಯಾಟರಿ ತಳ ಮುಟ್ಟಿತ್ತು.
ಪಕ್ಕದಲ್ಲಿ ಮಜ್ಜಿಗೆ ಲೋಟ, ತುಂಬಿದ್ದು ಹಾಗೇ ಇತ್ತು.
ಹೆಡ್‌ಫೋನ್ ಕೈಗೆ ತೆಗೆದುಕೊಂಡು ಮೈಕಿನ ಮೇಲೆ ಎರಡು ಸಲ ತಟ್ಟಿದೆ.
ಟಕ್… ಟಕ್.
ಆಮೇಲೆ ಆರಿಸಿದೆ.

ಗಿರಿಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯಲಿ ಅಂತಲೇ ಹೇಳಿದೆ.
ಬೈಯಲಿಲ್ಲ. ಆ ಲೋಟವನ್ನೇ ನೋಡುತ್ತಾ ಅಂದರು…
"ನಾನೂ ಮಜ್ಜಿಗೆ ಇಟ್ಟು ಸುಮ್ಕೆ ಬಂದ್ಬುಟ್ಟೆ ಕಣಪ್ಪ. ಆಟದಾಗವ್ರೆ, ಮಾತಾಡ್ಸಬಾರ್ದು ಅಂತ."

ನಾಳೆ ಬೆಳಿಗ್ಗೆ ಹೊಳವನಹಳ್ಳಿಯಲ್ಲಿ ಮಣ್ಣು. ಡಿಪೋದ ಗೆಳೆಯರೆಲ್ಲ ಬನ್ನಿ.
ತಮಟೆಯವರಿಗೆ ಹೇಳಿದ್ದೇವೆ. ಮನೆ ಬಾಗಿಲಿಂದ ಗುಂಡಿಯವರೆಗೂ ನಿಲ್ಲಿಸದೆ, ಜೋರಾಗಿ ಬಡಿಯಲಿ ಅಂತ ಗಿರಿಜಮ್ಮನೇ ಹೇಳಿ ಕಳಿಸಿದ್ದಾರೆ.

ಹೋಗಿ ಬನ್ನಿ ಕ್ಯಾಪ್ಟನ್…
ಯಾವ ಕಾವಲು ಹಡಗೂ ಸುಳಿಯದ ತಣ್ಣನೆಯ ನೀರಿನಲ್ಲಿ ನಿಮ್ಮ ಜೀವ ನೆಮ್ಮದಿಯಾಗಿರಲಿ.
ನಾನು ಮಾತಾಡಬೇಕಿತ್ತು.
ಕ್ಷಮಿಸಿ ಅಣ್ಣ… 🙏